ನೊಣ ಕೂರದ ಮೀನಿನ ವಾಸನೆ

ನಮ್ಮ ಮನೆಗೆ ಬರುವ ಅಕ್ಷರಗಳನ್ನೆಲ್ಲ ಓದುವ ಹೊಣೆ ನನ್ನದು. ಕರೆಂಟಿನ ಬಿಲ್ಲು, ಪಂಚಾಯತಿಯ ನೋಟೀಸು, ಅಮ್ಮನ ಬಿ.ಪಿ. ಮಾತ್ರೆಯ ಪಟ್ಟಿ, ಯಾವುದೇ ಇರಲಿ, ನಾನು ಓದಿ ಹೇಳಿದ ಮೇಲೆಯೇ ಅದಕ್ಕೊಂದು ಅರ್ಥ. ಬಾಡ ಊರಿನ ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿದ್ದೇನೆ. ಅಮ್ಮ ಕುಮಟಾದ ಮೀನುಪೇಟೆಯಲ್ಲಿ ಮೀನು ಮಾರುತ್ತಾಳೆ. ಅಕ್ಕ ಎಸ್‌ಎಸ್‌ಎಲ್‌ಸಿಯ ನಂತರ ಓದು ಬಿಟ್ಟು ಪಾರ್ಲರಿನ ಕೆಲಸ ಕಲಿತಳು. ಬಿಟ್ಟಳು ಎಂಬುದು ಅಷ್ಟು ಸರಿಯಾದ ಮಾತಲ್ಲ. ಅಪ್ಪ ತೀರಿಕೊಂಡ ವರ್ಷ ಇಬ್ಬರಲ್ಲಿ ಒಬ್ಬಳು ಮಾತ್ರ ಓದಬಹುದಾಗಿತ್ತು. ಆ ಒಬ್ಬಳು ನಾನಾಗಲಿ ಎಂದು ಅವಳೇ ತೀರ್ಮಾನಿಸಿದಳು.

ಹಾಗಾಗಿ ಅವಳು ಕುಮಟಾದಲ್ಲಿ ಸ್ವಂತದ ಬ್ಯೂಟಿ ಪಾರ್ಲರ್ ತೆರೆದಾಗ ಅಲ್ಲಿನ ಬಾಟಲಿಗಳನ್ನು ಓದುವ ಕೆಲಸವೂ ಸಹಜವಾಗಿ ನನ್ನ ಪಾಲಿಗೆ ಬಂತು. ಪ್ರತಿ ಶನಿವಾರ ಶಾಲೆ ಮುಗಿಸಿ, ಬಸ್ಸಿಳಿದು ನೇರವಾಗಿ ಅಲ್ಲಿಗೆ ಹೋಗುತ್ತಿದ್ದೆ. ಹೊಸದಾಗಿ ತರಿಸಿದ್ದನ್ನು ಅಕ್ಕ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಿದ್ದಳು.

"ನೋಡೇ ತಂಗಿ, ಇದು ಹಾಕ್ಲಕ್ಕಾ?"

ನಾನು ಕನ್ನಡಕ ಸರಿಪಡಿಸಿಕೊಂಡು ಓದುತ್ತಿದ್ದೆ. ಹಾಕಬಹುದು ಎಂದರೆ ಹಾಕುತ್ತಿದ್ದಳು, ಬೇಡ ಎಂದರೆ ಮರಳಿಸುತ್ತಿದ್ದಳು. ಪಾದರಸವಿದ್ದೀತೆಂಬ ಸಂಶಯದಿಂದ, ತಯಾರಕರ ಹೆಸರು ವಿಳಾಸಗಳಿಲ್ಲದ, ಮುಖ ಬಿಳುಪಾಗಿಸುವ ಕ್ರೀಮನ್ನು ನಾನು ಒಮ್ಮೆ ತಡೆದದ್ದುಂಟು. ಆ ಹೆಮ್ಮೆ ನನ್ನಲ್ಲಿ ಬಹಳ ದಿನ ಇತ್ತು.

ಕೂದಲು ನೇರ ಮಾಡುವ ಕ್ರೀಮು ಬಂದದ್ದು ಕಳೆದ ಸಲದ ಮದುವೆಗಳ ಕಾಲಕ್ಕೆ ಸ್ವಲ್ಪ ಮುಂಚೆ. ಬಿಳಿಯ ಬಾಟಲಿ, ಮುಂಭಾಗದಲ್ಲಿ ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರಗಳು. ಅದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ರಾಸಾಯನಿಕವನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂದು ನನಗೆ ತಿಳಿದಿತ್ತು. ಅದು ಇಲ್ಲವೆಂದು ಬರೆದ ಮೇಲೆ ಇನ್ನೇನು? ನಾನು ಬಾಟಲಿಯನ್ನು ತಿರುಗಿಸಲೇ ಇಲ್ಲ.

"ಇದು ಒಳ್ಳೆಯದು ಅಕ್ಕ. ಧೈರ್ಯವಾಗಿ ಹಾಕು" ಎಂದೆ.

ಕ್ರೀಮಿಗೆ ತೆಂಗಿನಕಾಯಿ ಹಾಲು ಮತ್ತು ಚಾಕಲೇಟು ಬೆರೆಸಿದಂತಹ ಪರಿಮಳ. ಕೂದಲಿಗೆ ಸವರಿ, ಒಣಗಿಸಿ, ಕಾದ ಐರನ್ನಿನಿಂದ ಎಳೆಯೆಳೆಯಾಗಿ ಎಳೆದರೆ ಹೊಗೆ ಏಳುತ್ತಿತ್ತು. ಹೆದ್ದಾರಿಯ ಧೂಳು ಒಳಗೆ ಬರಬಾರದೆಂದು ಅಕ್ಕ ಕಿಟಕಿ ಮುಚ್ಚಿಯೇ ಇಡುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ಕಣ್ಣು ಸದಾ ಕೆಂಪಾಗಿರತೊಡಗಿತು. ಗಂಟಲಲ್ಲಿ ಒಣಕೆಮ್ಮು. ಎ.ಸಿ.ಯ ಗಾಳಿ ಆಗಿಬರುವುದಿಲ್ಲ ಎಂದು ಅವಳೆಂದಳು, ನಾನೂ ಹೌದೆಂದೆ.

ಅಮ್ಮ ಪಾರ್ಲರಿನ ಒಳಗೆ ಕಾಲಿಟ್ಟವಳಲ್ಲ. ಪೇಟೆ ಮುಗಿಸಿ ಖಾಲಿ ಬುಟ್ಟಿಯೊಂದಿಗೆ ಬಂದು ಮೆಟ್ಟಿಲ ಕೆಳಗೆ ನಿಂತು ಕರೆಯುತ್ತಿದ್ದಳು. "ಮದುಮಕ್ಕಳು ಬರೂ ಜಾಗ. ನನ್ನ ವಾಸನೆಗೆ ಓಡಿಹೋಗ್ತವು" ಎಂಬುದು ಅವಳ ವಾದ. ಅಕ್ಕ ಎಷ್ಟೋ ಸಲ ಗದರಿದ್ದಳು, ಪ್ರಯೋಜನವಾಗಿರಲಿಲ್ಲ. ನಾನು ಮಾತ್ರ ಗದರಿರಲಿಲ್ಲ. ಅಮ್ಮ ಹೊರಗೆ ನಿಲ್ಲುವುದೇ ಅನುಕೂಲವೆಂದು ನನಗೆ ಒಳಗೊಳಗೆ ಅನ್ನಿಸಿತ್ತು ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಅಮ್ಮ ಮೆಟ್ಟಿಲ ಬಳಿ ತೋಯುತ್ತ ನಿಂತಿದ್ದಳು. ಅಕ್ಕ ಆಗಷ್ಟೇ ಒಬ್ಬರ ಕೂದಲು ನೇರ ಮಾಡಿ ಕಳುಹಿಸಿದ್ದಳು. ಅಮ್ಮನ ಕೈ ಹಿಡಿದು ಒಳಗೆಳೆದು ಬಾಗಿಲು ಹಾಕಿದಳು.

ಅಮ್ಮ ಒಂದು ಹೆಜ್ಜೆ ಇಟ್ಟು ನಿಂತಳು. ಮೂಗು ಮೇಲೆತ್ತಿದಳು.

"ಇಲ್ಲಿ ಮೀನು ತಂದದ್ಯಾರು?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನೀನೇಯಾ! ತಲೆ ಮೇಲೆ ಬುಟ್ಟಿ ಇಟ್ಕಂಡು ನನ್ನ ಕೇಳ್ತೀಯಲ್ಲೇ ಅಮ್ಮ."

"ನನ್ನ ಮೀನಿಂದಲ್ಲ. ಮದ್ದು ಹಾಕಿದ ಮೀನಿಂದು." ಅಮ್ಮ ನಗಲಿಲ್ಲ. "ದೂರದಿಂದ ಲಾರಿ ಮೇಲೆ ಬಂದಿತ್ತಲ್ಲ ಒಂದ್ಸಲ, ಪೆಟ್ಟಿಗೆ ತೆಗೆದ್ರೆ ಕಣ್ಣು ಉರೀತಿತ್ತು. ಬಂಗಡೆ ಹೊಳೀತಿತ್ತು, ಆದ್ರೆ ಒಂದು ನೊಣವೂ ಕೂರ್ಲಿಲ್ಲ. ನಾವೆಲ್ಲ ಹೆಂಗಸ್ರು ಸೇರಿ ಪೆಟ್ಟಿಗೆ ವಾಪಸ್ ಲಾರಿಗೆ ಹಾಕಿಸಿದ್ವು. ಅದೇ ವಾಸನೆ ಇದು."

"ಅದು ಚಾಕಲೇಟಿಂದು ಅಮ್ಮ" ಎಂದೆ ನಾನು.

"ಚಾಕಲೇಟು ಮೇಲಿದ್ದು. ನಾ ಹೇಳೂದು ಅದ್ರ ಅಡೀಲಿ ಇದ್ದದ್ದು." ಅವಳು ಬುಟ್ಟಿಯನ್ನು ನೆಲಕ್ಕಿಳಿಸಿ, ನೇರವಾಗಿ ಆ ಬಿಳಿಯ ಬಾಟಲಿಯ ಬಳಿಗೆ ಹೋದಳು. ಮೇಜಿನ ಮೇಲೆ ಹದಿನೈದಿಪ್ಪತ್ತು ಬಾಟಲಿಗಳಿದ್ದವು. ಅವಳು ಬೇರೆ ಯಾವುದನ್ನೂ ಮುಟ್ಟಲಿಲ್ಲ. "ಇದು. ಇದ್ರ ಕಿವಿರು ಎತ್ತಿ ನೋಡಿದ್ಯಾ ನೀನು?"

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ನಮ್ಮಲ್ಲಿ ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಹೊಳೆಯುವ ಮೈಯನ್ನು ನಂಬಬಾರದೆಂದು ಅಮ್ಮ ನನಗೆ ಆರನೆಯ ವಯಸ್ಸಿನಲ್ಲೇ ಕಲಿಸಿದ್ದಳು. ನಾನು ಬಾಟಲಿಯನ್ನು ತಿರುಗಿಸಿದೆ.

ಹಿಂಬದಿಯಲ್ಲಿ, ಬಿಳಿಯ ಮೇಲೆ ಬೆಳ್ಳಿಯ ಬಣ್ಣದಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಮೂರನೆಯ ಸಾಲಿನಲ್ಲಿ ಮಿಥಿಲೀನ್ ಗ್ಲೈಕಾಲ್ ಎಂದಿತ್ತು.

ಆ ಹೆಸರು ನನಗೆ ಗೊತ್ತಿತ್ತು. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಬೆರೆತಾಗ ತಳೆಯುವ ರೂಪವೇ ಅದು. ಕಾಯಿಸಿದರೆ ಮತ್ತೆ ಅನಿಲವಾಗಿ ಹೊರಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೇನೆ. ಅಷ್ಟೇ ಅಲ್ಲ, ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಭರಣಿಯೊಳಗೆ ಒಂದು ಕಡಲಕುದುರೆಯನ್ನು ಅದೇ ದ್ರಾವಣದಲ್ಲಿ ಇಟ್ಟಿದ್ದರು. ಮುಚ್ಚಳ ಸಡಿಲವಾಗಿದ್ದ ದಿನ ನಾವೆಲ್ಲ ಕಣ್ಣೀರು ಒರೆಸಿಕೊಂಡಿದ್ದೆವು. ಪೇಟೆಯ ಬಂಗಡೆ, ಭರಣಿಯ ಕಡಲಕುದುರೆ, ಅಕ್ಕನ ಕೈಯ ಐರನ್ನು: ಮೂರರಲ್ಲೂ ಇದ್ದದ್ದು ಒಂದೇ ವಸ್ತು. ಅದರ ಹೆಸರನ್ನು ಬಲ್ಲ ನಾನು ಎರಡು ತಿಂಗಳು ಅದೇ ಕೋಣೆಯಲ್ಲಿ ಕುಳಿತು ಚಹಾ ಕುಡಿದಿದ್ದೆ. ಹೆಸರೇ ಗೊತ್ತಿಲ್ಲದ ಅಮ್ಮ ಒಂದು ಹೆಜ್ಜೆಯಲ್ಲಿ ಗುರುತಿಸಿದಳು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ಅವಳ ಮುಖವನ್ನು ನೋಡುತ್ತ ನಿಂತುಬಿಟ್ಟೆ. ಒದ್ದೆ ಸೆರಗು, ಕಿವಿಯ ಹಿಂದೆ ಅಂಟಿದ್ದ ಮೀನಿನ ಒಂದು ಹುರುಪೆ. ದೊಡ್ಡ ವಿದ್ವಾಂಸರ ಎದುರು ನಿಂತಾಗ ಆಗುವಂತೆ ನನ್ನ ಕೈಗಳು ತಾವಾಗಿ ಕಟ್ಟಿಕೊಂಡಿದ್ದವು.

ತಪ್ಪನ್ನು ಹೇಳಲೇಬೇಕಾಗಿತ್ತು. ಹೇಳಿದೆ. ಅಕ್ಕ ಐರನ್ನಿನ ವಯರನ್ನು ಸುತ್ತಿ ಒಳಗಿಟ್ಟಳು.

"ನೀ ಓದ್ತೀಯ ಅಂತ ನಾ ಮೂಸ್ಲಿಲ್ಲ" ಎಂದಳು. ಆಮೇಲೆ, "ನಂಗೆ ಕ್ಯಾನ್ಸರ್ ಬತ್ತದಾ?"

"ಬಂದೇ ಬರುತ್ತದೆ ಎಂದಲ್ಲ ಅಕ್ಕ. ಒಂದೆರಡು ದಿನದ ಮಾತೂ ಅಲ್ಲ. ದಿನಾ, ವರ್ಷಗಟ್ಟಲೆ ಉಸಿರಾಡುವವರಿಗೆ ಅಪಾಯ ಹೆಚ್ಚು. ಈಗಲೇ ನಿಲ್ಲಿಸಿದರೆ ಅಷ್ಟು ಕಡಿಮೆ."

"ಪಾಠ ಮಾಡೂದು ಸಾಕು. ಕಿಟಕಿ ತೆಗಿ" ಎಂದಳು ಅಮ್ಮ.

ಸೋಮವಾರ ಅಕ್ಕನನ್ನು ವೈದ್ಯರಿಗೆ ತೋರಿಸಿದೆವು. ಹೊಗೆಯಿಂದ ಗಂಟಲು ಮತ್ತು ಕಣ್ಣು ಕೆರಳಿವೆ, ಹೊಗೆ ನಿಂತರೆ ತಗ್ಗಬೇಕು, ತಗ್ಗದಿದ್ದರೆ ಮತ್ತೆ ಬನ್ನಿ ಎಂದರು. ಆದರೆ ಬುಧವಾರಕ್ಕೆ ಭಟ್ಕಳದ ಒಬ್ಬ ಮದುಮಗಳು ಹೆಸರು ಬರೆಸಿದ್ದಳು. ಅವಳ ಅತ್ತಿಗೆಯ ಕೂದಲನ್ನು ನೇರ ಮಾಡಿದ್ದೂ ಅಕ್ಕನೇ. ಮದುವೆಯ ಕಾಲದಲ್ಲಿ ಇಲ್ಲವೆಂದರೆ ಆ ಮನೆಯವರಷ್ಟೇ ಅಲ್ಲ, ಅವರ ಬಂಧುಬಳಗವೂ ಬೇರೆ ಪಾರ್ಲರಿಗೆ ಹೋಗುತ್ತದೆ. ನಾನೇ ಮಾತನಾಡುತ್ತೇನೆ ಎಂದೆ. ಅಕ್ಕ ಬಿಡಲಿಲ್ಲ. ಬೇಸಿಗೆ ರಜೆಯಾದ್ದರಿಂದ ಬುಧವಾರ ನಾನೂ ಅಲ್ಲಿದ್ದೆ, ಆದರೆ ಇನ್ನು ಕೂದಲು ನೇರ ಮಾಡುವುದಿಲ್ಲವೆಂದು ಅವಳೇ ಹೇಳಿದಳು.

ಹುಡುಗಿ ಕುರ್ಚಿಯಲ್ಲಿ ಕುಳಿತೇ ಕೇಳಿದಳು: "ಒಂದು ಸಲಕ್ಕೆ ಎಂತ ಆಗ್ತದೆ ದೀದಿ? ಭಾಭಿಗೆ ಏನೂ ಆಗ್ಲಿಲ್ಲಲ್ಲ."

"ನಿಂಗೆ ಒಂದು ಸಲ. ನಂಗೆ ದಿನಾ" ಎಂದಳು ಅಕ್ಕ. "ನಿನ್ನ ಭಾಭಿಗೂ ನಾ ಫೋನ್ ಮಾಡಿ ಹೇಳಿದ್ದೆ, ಮತ್ತೊಂದ್ಸಲ ಎಲ್ಲೂ ಮಾಡಿಸ್ಕಳ್ಬೇಡ ಅಂತ."

ಹುಡುಗಿ ಕನ್ನಡಿಯಲ್ಲಿ ಅಕ್ಕನ ಕೆಂಪು ಕಣ್ಣುಗಳನ್ನೇ ನೋಡಿದಳು. ತನ್ನ ಗುಂಗುರು ಕೂದಲನ್ನು ಕೈಯಲ್ಲಿ ಎತ್ತಿ ಹಿಡಿದು, "ಹಾಗಾದ್ರೆ ಇದನ್ನ ಹೀಗೇ ಇಟ್ಟು ಎಂತ ಮಾಡ್ಬಹುದು, ಅದು ಮಾಡಿ" ಎಂದಳು. ಅಕ್ಕ ಎಣ್ಣೆ ಹಚ್ಚಿ, ಬಾಚಿ, ಮಲ್ಲಿಗೆ ಮುಡಿಸಲು ಅನುವಾಗುವಂತೆ ಕಟ್ಟಿ ತೋರಿಸಿದಳು. ಎಲ್ಲರೂ ಹೀಗೆ ಒಪ್ಪಲಿಲ್ಲ. ಆ ತಿಂಗಳು ಮೂವರು ಎದ್ದು ಹೋದರು. ಅಕ್ಕನ ಕೆಮ್ಮು ಮಾತ್ರ ಮಳೆಗಾಲ ಹಿಡಿಯುವಷ್ಟರಲ್ಲಿ ನಿಂತಿತ್ತು.

ಈಗ ಶನಿವಾರ ನಾವು ಮೂವರೂ ಸೇರುತ್ತೇವೆ. ಅಮ್ಮ ಕೈಕಾಲು ತೊಳೆದು ಗಿರಾಕಿಗಳ ಕುರ್ಚಿಯಲ್ಲೇ ಕೂರುತ್ತಾಳೆ. ಅಕ್ಕ ಒಂದೊಂದೇ ಮುಚ್ಚಳ ತೆಗೆದು ಮೊದಲು ಅವಳಿಗೆ ಹಿಡಿಯುತ್ತಾಳೆ. ಮೊದಲ ದಿನ ನಾಲ್ಕನೆಯ ಬಾಟಲಿಗೆ ಅಮ್ಮ ಮೂಗು ಹಿಂದೆಗೆದು ತಲೆಯಾಡಿಸಿದಳು.

"ಇದಕ್ಕೆ ವಾಸನೆಯೇ ಇಲ್ಲ. ನಂಗೆ ಗೊತ್ತಾಗೂದಿಲ್ಲ. ನೀ ಓದು."

ಗೊತ್ತಾಗುವುದಿಲ್ಲ ಎಂಬ ಮಾತನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳು! ನನ್ನ ಬಾಯಿಂದ ಅದು ಆವರೆಗೆ ಬಂದಿರಲಿಲ್ಲ. ನಾನು ಬಾಟಲಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಲಾರಂಭಿಸಿದೆ. ನಡುವೆ ಒಂದು ಹೆಸರು ಬಂತು.

"ಇದು ನನಗೂ ಗೊತ್ತಿಲ್ಲ ಅಮ್ಮ. ಕೇಳಿ ತಿಳಿದುಕೊಳ್ಳಬೇಕು."

"ಹಂಗಾರೆ ಬದಿಗಿಡು. ಓದಿ ಆತಾ?"

"ಇಲ್ಲ, ಇನ್ನೂ ಎರಡು ಸಾಲು ಇದೆ" ಎಂದೆ.