ಶೋಗೆ ಕಟ್ಟಿದ ಅಟ್ಟ

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು. ಅವರು ಕೂರಿಸಿದ ಬಾಗಿಲು ಕಿರ್ರೆಂದರೆ ತಪ್ಪು ಮನೆಯವರದ್ದು, ಅವರು ಮಾಡಿದ ಮೇಜು ಅಲುಗಾಡಿದರೆ ತಪ್ಪು ನೆಲದ್ದು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು. ಆದರೂ ಕೆಲಸ ನಿಜಕ್ಕೂ ಗಟ್ಟಿ. ಅದಕ್ಕೇ ಅವರ ಜಂಬವನ್ನು ನಾವೆಲ್ಲ ಸಹಿಸಿಕೊಂಡಿದ್ದೆವು.

ಆ ವರ್ಷ ಟೀವಿಯವರು ಊರಾಚೆಯ ಗೋದಾಮಿನೊಳಗೆ ಒಂದು ಮನೆ ಎಬ್ಬಿಸಿದರು. ಸೆಟ್ ನೋಡಿಕೊಳ್ಳುವ ಹುಡುಗಿ ದೊಡ್ಡಪ್ಪನಿಗೆ ನಡುಮನೆಯ ಮೂಲೆ ತೋರಿಸಿ, "ಇಲ್ಲೊಂದು ಅಟ್ಟ ಬೇಕು ಅಂಕಲ್, ಶೋಗೆ" ಅಂದಳಂತೆ. ನಮ್ಮ ಮನೆಯಲ್ಲಿ ಶೋಗೆ ಅಂದರೆ ಗಾಜಿನ ಕಪಾಟಿನಲ್ಲಿರುವ, ಯಾರೂ ಕುಡಿಯದ ಕಪ್ಪುಗಳು. ಯಾವುದೋ ಧಾರಾವಾಹಿ ಇರಬೇಕು, ನೋಡಲು ಚೆನ್ನಾಗಿದ್ದರೆ ಸಾಕು ಎಂದುಕೊಂಡರು ದೊಡ್ಡಪ್ಪ. ತೆಳು ಪ್ಲೈವುಡ್ಡಿಗೆ ಅಂಟು ಬಳಿದು, ಸಣ್ಣ ಮೊಳೆ ಹೊಡೆದು, ಆಳೆತ್ತರಕ್ಕಿಂತ ಮೇಲೆ ಚಂದದ ಅಟ್ಟ ನಿಲ್ಲಿಸಿ ಬಂದರು. ಒಂದೇ ಒಂದು ಬೋಲ್ಟು ಹಾಕಲಿಲ್ಲ.

ಕಾರ್ಯಕ್ರಮ ಶುರುವಾಯಿತು. ಅದು ಮೊದಲ ಸೀಸನ್ನು, ಏನು ಎತ್ತ ಎಂದು ಯಾರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ಜನರನ್ನು ನೂರು ದಿನ ಒಂದು ಮನೆಯಲ್ಲಿ ಕೂಡಿಹಾಕಿ, ಅವರು ಜಗಳವಾಡುವುದನ್ನು ತೋರಿಸುವುದು. "ಕಂಡೋರ ಮನೆ ಕಿಟಕೀಲಿ ಇಣುಕೋ ಕೆಲಸ" ಎಂದು ಮೂಗು ಮುರಿದ ದೊಡ್ಡಮ್ಮನೇ ಸಂಜೆ ಎಲ್ಲರಿಗಿಂತ ಮೊದಲು ಟೀವಿ ಮುಂದೆ ಕೂತರು. ಸ್ಪರ್ಧಿಗಳಲ್ಲಿ ಲಾಂಡ್ರಿ ಅಂಗಡಿಯವನೊಬ್ಬನಿದ್ದ, ನೂರಿಪ್ಪತ್ತು ಕೇಜಿ ಆಳು. ಅವನು ಮೊದಲ ದಿನವೇ, ಯಾರೋ ತಂದಿಟ್ಟಿದ್ದ ಏಣಿ ಹತ್ತಿ ಅಟ್ಟದ ಮೇಲೆ ಕಾಲು ಇಳಿಬಿಟ್ಟು ಕೂತುಬಿಟ್ಟ.

"ಅದು ಕೂರೋಕಲ್ಲ" ಅಂದರು ದೊಡ್ಡಪ್ಪ. ಅವರ ಮುಖ ಬಿಳಿಚಿಕೊಂಡಿತ್ತು.

ಹೊರಗೆ ಕರೆದುಕೊಂಡು ಹೋಗಿ ಕೇಳಿದ ಮೇಲೆ ನನ್ನೊಬ್ಬಳಿಗೇ ಬಾಯಿಬಿಟ್ಟರು. "ಶೋಗೆ ಅಂದ್ರೆ ಈ ಶೋಗೆ ಅಂತ ನನಗೇನು ಗೊತ್ತಮ್ಮಾ?" ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಆ ಅಟ್ಟದ ಕೆಳಗೇ ಸೋಫಾ ಇರುವುದು, ಅದರಲ್ಲಿ ಸದಾ ನಾಲ್ಕೈದು ಜನ ಕೂತಿರುವುದು ನೆನಪಾಗಿ ನಗು ಹಾರಿಹೋಯಿತು.

ಮಾರನೆಯ ಬೆಳಿಗ್ಗೆ ಸೆಟ್ಟಿನ ಹುಡುಗಿಗೆ ಫೋನ್ ಮಾಡಿಸಿದೆ. ದೊಡ್ಡಪ್ಪ ಮಾತಾಡಿದ್ದೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ಹವಾ ಬದಲಾಗಿದೆ ನೋಡಮ್ಮ, ಮರ ಸ್ವಲ್ಪ ಎಳ್ಕೊಂಡಿರುತ್ತೆ, ಒಂದ್ಸಲ ಬಂದು ನೋಡ್ಲಾ?"

"ಮನೆ ಸೀಲ್ ಮಾಡಿದೀವಿ ಅಂಕಲ್. ನೂರು ದಿನ ಯಾರನ್ನೂ ಒಳಗೆ ಬಿಡಲ್ಲ. ಯಾಕೆ, ಬಿದ್ದುಹೋಗುತ್ತಾ?"

"ಛೇ, ನನ್ನ ಕೆಲಸ ಬೀಳುತ್ತಾ?" ಅಂದು ಫೋನ್ ಇಟ್ಟರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇ ಹೇಳುತ್ತೇನೆ ಅಂದರೆ, "ಹೇಳು, ಆಮೇಲೆ ನಾನು ಉಳಿ ಮುಟ್ಟಿದ್ರೆ ಕೇಳು" ಅಂದರು. ನಾನೂ ಹೇಳಲಿಲ್ಲ. ಆ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಅಲ್ಲಿಂದ ಹದಿನೆಂಟು ದಿನ ದೊಡ್ಡಪ್ಪ ನೋಡಿದ್ದು ಜನರನ್ನಲ್ಲ, ಅಟ್ಟದ ಹಲಗೆ ಗೋಡೆಗೆ ಕೂಡುವ ಎಡಗಡೆಯ ಸಂದನ್ನು. ಲಾಂಡ್ರಿಯವನು ಏಣಿಗೆ ಕಾಲಿಟ್ಟರೆ ಇವರು ಕುರ್ಚಿಯ ಕೈ ಹಿಡಿದುಕೊಳ್ಳುವರು. ಅವನು ಬಿದ್ದು ಬಿದ್ದು ನಕ್ಕರೆ "ಮೆಲ್ಲಗೆ ನಗೋ" ಎನ್ನುವರು. ಕೊನೆಗೆ ಅವರಿಗೊಂದು ದಾರಿ ಹೊಳೆಯಿತು. ಯಾರು ಹೊರಗೆ ಹೋಗಬೇಕು ಎಂದು ಜನ ವೋಟು ಹಾಕಬಹುದಿತ್ತಲ್ಲ, ಆ ಲಾಂಡ್ರಿಯವನ ವಿರುದ್ಧ ನಮ್ಮಿಂದ, ಬೀದಿಯವರಿಂದ, ಸಾಮಿಲ್ಲಿನವರಿಂದಲೂ ವೋಟು ಹಾಕಿಸಿದರು. "ಅವನು ಬಹಳ ನಾಟಕ ಮಾಡ್ತಾನೆ" ಎಂದು ಊರೆಲ್ಲ ಹೇಳಿಕೊಂಡು ಬಂದರು. ಆ ಪಾಪದವನು ನಾಟಕ ಆಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಹೊರಗೆ ಕಳಿಸುವ ದಿನ ಮಾತ್ರ ನೇರಪ್ರಸಾರ. ಲಾಂಡ್ರಿಯವನೇ ಹೊರಬಿದ್ದ. ದೊಡ್ಡಪ್ಪ ಉಸಿರು ಬಿಟ್ಟರು. ವೇದಿಕೆಯ ಮೇಲೆ ನಿರೂಪಕ ಅವನನ್ನು, ಆ ಮನೆಯಲ್ಲಿ ನಿಮಗೆ ಏನು ಇಷ್ಟವಾಗಿತ್ತು ಎಂದು ಕೇಳಿದ.

"ಆ ಅಟ್ಟ ಸರ್" ಅಂದ ಅವನು, ಕಣ್ಣು ಒರೆಸಿಕೊಳ್ಳುತ್ತಾ. "ಕೆಳಗೆ ಎಲ್ರೂ ನನ್ನ ಹೊಟ್ಟೆ ನೋಡಿ ನಗ್ತಿದ್ರು. ಮೇಲೆ ಹೋದ್ರೆ ಹೆದರಿಕೆ ಆಗ್ತಿರಲಿಲ್ಲ. ಅದನ್ನ ಕಟ್ಟಿದೋರ ಹೊಟ್ಟೆ ತಣ್ಣಗಿರಲಿ."

ಇದನ್ನು ಮನೆಯೊಳಗಿನ ಪರದೆಯಲ್ಲಿ ನೋಡುತ್ತಿದ್ದವರಿಗೂ ಕರುಳು ಚುರಕ್ಕೆಂದಿರಬೇಕು. ಅವನ ಮೆಚ್ಚಿನ ಅಟ್ಟದಿಂದಲೇ ಅವನಿಗೆ ಕೈಬೀಸಲು ಒಬ್ಬೊಬ್ಬರಾಗಿ ಏಣಿ ಹತ್ತತೊಡಗಿದರು. ಮೂವರು, ಐವರು, ಎಂಟು ಜನ. ಮಿಕ್ಕವರು ಕೆಳಗೆ ಸೋಫಾದಲ್ಲೇ ಉಳಿದಿದ್ದರು.

ದೊಡ್ಡಪ್ಪ ನನ್ನ ಮೊಬೈಲು ಕಸಿದುಕೊಂಡರು. ಪರದೆಯ ಕೆಳಗೆ ವೀಕ್ಷಕರು ಕರೆ ಮಾಡುವ ನಂಬರು ಬರುತ್ತಿತ್ತು. ಒತ್ತುವಷ್ಟರಲ್ಲಿ ಎರಡು ಸಲ ತಪ್ಪಿತು, ಮೂರನೆಯ ಸಲ ನಾನೇ ಒತ್ತಿ ಸ್ಪೀಕರ್ ಹಾಕಿದೆ. ಯಾರ ಪುಣ್ಯವೋ, ಲೈನು ಸಿಕ್ಕಿತು.

"ನಮಸ್ಕಾರ ಸರ್, ನಿಮ್ಮ ನೆಚ್ಚಿನ ಸ್ಪರ್ಧಿ ಯಾರು?" ಅಂದ ನಿರೂಪಕ.

"ಮೊದಲು ಅವರನ್ನ ಅಟ್ಟದಿಂದ ಇಳಿಸಿ. ನಾನು ಅದನ್ನ ಮಾಡಿದ ಬಡಗಿ. ಅದರಲ್ಲಿ ಬೋಲ್ಟಿಲ್ಲ, ಬರೀ ಅಂಟು. ಮರದ್ದೇನೂ ತಪ್ಪಿಲ್ಲ. ತಪ್ಪು ನಂದು."

ನಿರೂಪಕ ತಮಾಷೆ ಎಂದುಕೊಂಡು ನಕ್ಕ. ಲಾಂಡ್ರಿಯವನು ನಗಲಿಲ್ಲ. ಮೈಕು ಕಿತ್ತುಕೊಂಡು, "ಇಳೀರಿ, ಎಲ್ರೂ ಇಳೀರಿ, ಸೋಫಾ ಬಿಟ್ಟು ಏಳಿ" ಎಂದು ಕೂಗಿದ್ದು ನಮಗೆ ಫೋನಿನಲ್ಲಿ ಕೇಳಿಸಿತು. ಟೀವಿಗೆ ಅದು ಬರುವುದು ನಾಲ್ಕೈದು ಕ್ಷಣ ತಡ. ಅಷ್ಟು ಹೊತ್ತೂ ನಮ್ಮ ಪರದೆಯಲ್ಲಿ ಎಂಟು ಜನ ಅಟ್ಟದ ಮೇಲೆ ನಗುತ್ತಾ ಕೈಬೀಸುತ್ತಲೇ ಇದ್ದರು. ಆಮೇಲೆ ಸೋಫಾದವರು ಎದ್ದರು, ಮೇಲಿದ್ದವರು ಇಳಿಯತೊಡಗಿದರು. ದೊಡ್ಡಪ್ಪ ಬೆರಳು ಮಡಚಿ ಎಣಿಸಿದರು. ಎಂಟೂ ಆಯಿತು.

ಫೋನಿನಲ್ಲಿ ಲಾಂಡ್ರಿಯವನ ದನಿ ಇನ್ನೂ ಇತ್ತು. "ನಾನು ದಿನಾ ಅದ್ರ ಮೇಲೇ ಇದ್ನಲ್ಲ ಸರ್. ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಮರ್ಯಾದೆ ಹೋಗುತ್ತೆ ಅಂತ" ಅಂದರು ದೊಡ್ಡಪ್ಪ.

ಲೈನು ಹೋಯಿತು. ಟೀವಿಯಲ್ಲಿ ಅವನ ಪ್ರಶ್ನೆ ಆಗಷ್ಟೇ ಬರುತ್ತಿತ್ತು. ದೊಡ್ಡಮ್ಮ ಅದನ್ನು ಆರಿಸಲು ಎದ್ದರು.

"ಇರಲಿ ಬಿಡು" ಎಂದು ದೊಡ್ಡಪ್ಪ ಅವರ ಕೈ ಹಿಡಿದರು. "ನಾನೂ ಕೇಳಬೇಕು."