ದುಕ್ಮ್‌ನ ರಬ್ಬರ್ ಉಂಗುರ

ಇವತ್ತು ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಹಳೆಯ ಕನ್ವೇಯರ್ ಬೆಲ್ಟ್ ಕೊರೆಯುವಾಗ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಖುಷಿ... ನಮ್ಮ ಬಲ್ಗೇರಿಯಾದ ಎಂಜಿನಿಯರ್ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ನಾನು ಒಮಾನಿನ ದುಕ್ಮ್‌ಗೆ ಹೊಸದಾಗಿ ಬಂದಾಗ ಅವರೇ ನನ್ನ ಮೇಲಧಿಕಾರಿ. ದೊಡ್ಡ ದನಿ, ಅದಕ್ಕಿಂತ ದೊಡ್ಡ ಜಂಬ. ಅವರ ದೇಶದಲ್ಲಿ ಕಾರ್ಖಾನೆಗಳೆಲ್ಲ ಸರ್ಕಾರದ್ದೇ ಆಗಿದ್ದ ಕಾಲದಲ್ಲಿ, ಪಂಪಿನ ಬೇರಿಂಗಿಗೆ ಧೂಳು ಹೋಗದಂತೆ ತಡೆಯುವ ರಬ್ಬರ್ ಉಂಗುರವೊಂದನ್ನು ಅವರು ಯೋಚಿಸಿಟ್ಟಿದ್ದರಂತೆ. ಸರ್ಕಾರದ ಯೋಜನೆಯಲ್ಲಿ ಇಲ್ಲವೆಂದು ಮೇಲಿನವರು ತಳ್ಳಿಹಾಕಿದರು. ಕಾಲ ಬದಲಾಗಿ ಕಾರ್ಖಾನೆ ಖಾಸಗಿಯವರಿಗೆ ಮಾರಾಟವಾಯಿತು. ಕೊಂಡವನು ಯಂತ್ರಗಳನ್ನು ಗುಜರಿಗೆ ಹಾಕಿ ಜಾಗ ಇಟ್ಟುಕೊಂಡ. ಆಮೇಲೆ ಯಾರ ಬಳಿ ಹೋದರೂ ಒಂದೇ ಮಾತು: ಅಷ್ಟು ಒಳ್ಳೆಯದಾಗಿದ್ದರೆ ಜರ್ಮನಿಯವರೇ ಮಾಡುತ್ತಿರಲಿಲ್ಲವೇ...

ದುಕ್ಮ್‌ನ ಮರಳುಗಾಳಿಗೆ ನಮ್ಮ ಪಂಪುಗಳು ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿದ್ದವು. ಒಂದು ದಿನ ಅವರು ಹಳೆಯ ಕನ್ವೇಯರ್ ಬೆಲ್ಟಿನಿಂದ ಉಂಗುರ ಕೊರೆದು ಕೂರಿಸಿಯೇಬಿಟ್ಟರು. ಪಕ್ಕದಲ್ಲಿ ಒಂದು ತಗಡು, ಅದರ ಮೇಲೆ ಎಲ್ಲೂ ಇಲ್ಲದ ಜರ್ಮನ್ ಕಂಪನಿಯ ಹೆಸರು. ಹಾಗೆ ಬರೆಯದಿದ್ದರೆ ಯಾರೂ ಒಪ್ಪುವುದಿಲ್ಲವೆಂದು ಅವರು ನಂಬಿದ್ದರು.

ಮರಳುಗಾಳಿ ಬೀಸಿ ನಿಂತ ಮೇಲೆ ಬೇರಿಂಗ್ ಬಿಚ್ಚಿದೆವು. ಒಳಗೆ ಗ್ರೀಸ್ ಬೆಣ್ಣೆಯ ಹಾಗೆ ಶುಭ್ರವಾಗಿತ್ತು... ಅವರು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು.

ಬೆಂಗಳೂರಿನವರಾದ ನಮ್ಮ ಮ್ಯಾನೇಜರ್ ತಗಡು ಓದಿ ನನ್ನತ್ತ ತಿರುಗಿದರು. “ಸೂಪರ್ ಕಣ್ರೀ. ಎಲ್ಲಾ ಪಂಪಿಗೂ ಇದನ್ನೇ ತರಿಸೋಣ. ಕ್ಯಾಟಲಾಗ್ ಎಲ್ಲಿ?”

ಅದನ್ನು ಎಂಜಿನಿಯರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಿಜ ಹೇಳಿದರೆ ಅವರ ಕೆಲಸ ಹೋಗಬಹುದು. ಹೇಳದಿದ್ದರೆ ಉಂಗುರ ಎಂದೆಂದಿಗೂ ಜರ್ಮನಿಯದ್ದು. ಅವರು ಸ್ಕ್ರೂಡ್ರೈವರ್ ತೆಗೆದು ತಗಡನ್ನೇ ಕಿತ್ತರು.

“ಜರ್ಮನಿ ಖಲಾಸ್. ಇದು ನನ್ನದು.”

ಮ್ಯಾನೇಜರ್ ಉಂಗುರವನ್ನು ಬೆರಳಿನಿಂದ ಒತ್ತಿ ನೋಡಿ, “ಹಾಗಾದ್ರೆ ಉಳಿದ ಪಂಪಿಗೂ ಬೇಗ ಮಾಡಿಕೊಡೋಕೆ ಹೇಳಿ,” ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆ ಹುಮ್ಮಸ್ಸಿನಲ್ಲೇ ಎಂಜಿನಿಯರ್ ಸ್ವಂತ ವರ್ಕ್‌ಶಾಪ್ ತೆರೆಯಲು ಊರಿಗೆ ಹೊರಟರು. ಪ್ರತಿ ಫೋನಿನಲ್ಲೂ ‘ಇನ್ನೇನು ಶುರು’ ಎನ್ನುತ್ತಿದ್ದರು. ಅಲ್ಲಿಯ ಬ್ಯಾಂಕಿನವರು ಮತ್ತೆ ಅದೇ ಜರ್ಮನಿಯ ಮಾತು ಎತ್ತಿದರಂತೆ... ಹೋದ ವರ್ಷ ಅವರ ಮಗಳು ಫೋನ್ ಮಾಡಿ, ಅಪ್ಪ ತೀರಿಹೋದರು ಎಂದಳು. ವರ್ಕ್‌ಶಾಪ್ ಶುರುವಾಗಿರಲೇ ಇಲ್ಲ.

ಇವತ್ತು ಕೊರೆದ ಉಂಗುರದ ಪಕ್ಕ ನಾನೊಂದು ತಗಡು ಹಾಕಿದೆ. ಅದರ ಮೇಲೆ ಅವರ ಪೂರ್ತಿ ಹೆಸರು. ಹೊಸದಾಗಿ ಸೇರಿದ ಉಡುಪಿಯ ಫಿಟ್ಟರ್ ಕಷ್ಟಪಟ್ಟು ಓದಿ, “ಒಳ್ಳೆ ಕಂಪನಿಯಾ ಮಾರಾಯ್ರೆ? ಜರ್ಮನಿದಾ?” ಎಂದು ಕೇಳಿದರು.

ನಗು ಬಂತು. ಇದನ್ನು ಕೇಳಿ ಗಹಗಹಿಸಬೇಕಾದವರೇ ಇಲ್ಲವಲ್ಲ ಎಂದು ಕಣ್ಣೂ ತುಂಬಿತು.

“ಅಲ್ಲ,” ಎಂದೆ. “ಇಲ್ಲಿಯದ್ದೇ.”