ಸೆರಗಿನಡಿಯ ಹರಳು

ಸರಸ್ವತಿ ನಗರದಲ್ಲಿ ಬರೀ ಮೀನಾಕ್ಷಿ ಎಂದು ಕೇಳಿದರೆ ಯಾವ ಮೀನಾಕ್ಷಿ ಎನ್ನುತ್ತಾರೆ. ಸ್ಟೋನ್ ಮೀನಾಕ್ಷಿ ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಹರಿಹರದಲ್ಲಿ ಹುಟ್ಟಿ ಬೆಳೆದು, ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಂಜನಕುಮಾರನ ಕೈಹಿಡಿದು ದಾವಣಗೆರೆಗೆ ಬಂದವಳು. ಟೈಲರಿಂಗ್ ಕಲಿಯಲು ಹೋಗಿ, ಮಷಿನ್ ತುಳಿದರೆ ಮಂಡಿ ನೋಯುತ್ತದೆ ಎಂದು ಅರ್ಧಕ್ಕೇ ಬಿಟ್ಟಳು. ಆಮೇಲೆ ಮೊಬೈಲಿನಲ್ಲಿ ನೋಡಿ ನೋಡಿ ಕಲಿತದ್ದು ಬಟ್ಟೆಗೆ ಹರಳು ಅಂಟಿಸುವ ಈ ಕೆಲಸ.

ಹರಳಿನ ಬೆನ್ನಿಗೇ ಅಂಟು ಬಳಿದಿರುತ್ತದೆ. ಅದನ್ನು ಚಿಮ್ಮಟದಿಂದ ಎತ್ತಿ ಬಟ್ಟೆಯ ಮೇಲೆ ಜೋಡಿಸಿ, ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಒತ್ತಬೇಕು. ಬಿಸಿಗೆ ಅಂಟು ಕರಗಿ ನೂಲಿನೊಳಗೆ ಇಳಿಯುತ್ತದೆ. ಕೇಳುವುದಕ್ಕೆ ಸುಲಭ. ಮೊದಲ ದಿನವೇ ಮೀನಾಕ್ಷಿಯ ನೈಲಾನ್ ಸೀರೆ ಪೆಟ್ಟಿಗೆಗೆ ಮೆತ್ತಿಕೊಂಡು ಮನೆಯೆಲ್ಲ ಸುಟ್ಟ ವಾಸನೆ ಹಿಡಿದಿತ್ತು. ಎಷ್ಟು ಹೊತ್ತು ಒತ್ತಬೇಕು ಎಂಬುದಕ್ಕೆ ಅವಳು ಗಡಿಯಾರ ನೋಡುವುದಿಲ್ಲ. "ಉಕ್ಕಡಗಾತ್ರಿ ಅಜ್ಜಯ್ಯ, ಬಟ್ಟೆ ಸುಡಬ್ಯಾಡಪ್ಪ, ಹರಳು ಉದುರಬ್ಯಾಡಪ್ಪ, ಬಂದೋರು ಬೈಬ್ಯಾಡಪ್ಪ" ಎಂದು ತವರಿನ ಕಡೆಯ ದೇವರಿಗೆ ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು. ಮದುವೆ ಸೀಸನ್ನಿನಲ್ಲಿ ಅಜ್ಜಯ್ಯನಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಿ.ಜೆ. ಬಡಾವಣೆಯ ಕಸ್ತೂರಮ್ಮ ಒಬ್ಬರೇ ಆಟೋದಲ್ಲಿ ಬಂದಿಳಿದರು. ಅವರ ಮಗ ಕೊಟ್ರೇಶಪ್ಪ ಕಾಳಿನ ವ್ಯಾಪಾರಿ. ಮೊಮ್ಮಗಳು ಅಂಕಿತಾಳ ನಿಶ್ಚಿತಾರ್ಥದ ಲೆಹೆಂಗಾಕ್ಕೆ ಹರಳು ಹಾಕಿಕೊಟ್ಟವಳು ಮೀನಾಕ್ಷಿಯೇ. ಲೆಹೆಂಗಾದಲ್ಲೇನೋ ಎಡವಟ್ಟಾಗಿದೆ ಎಂದುಕೊಂಡು ಅವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಎದ್ದಳು.

"ಬರ್ರಿ ಅಮ್ಮಾರೆ, ಕೂಡ್ರಿ. ಹರಳೇನಾದ್ರೂ ಉದುರಿದ್ವಾ?"

"ಏ, ಅದೇನಾಗಿಲ್ಲ. ಚಂದ ಐತೆ." ಕಸ್ತೂರಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಕೈಚೀಲದಿಂದ ಕಾಫಿಪುಡಿ ಬಣ್ಣದ ರೇಷ್ಮೆ ಬ್ಲೌಸೊಂದನ್ನು ತೆಗೆದರು. "ಈ ಜಂಪರಿಗೆ ಒಂದಿಷ್ಟು ಹಾಕ್ತೀಯೇನು ನೋಡು."

"ಯಾರಿಗೆ ಅಮ್ಮಾರೆ?"

ಮುದುಕಿ ಬ್ಲೌಸನ್ನು ತಮ್ಮ ಮಡಿಲಿಗೇ ಎಳೆದುಕೊಂಡರು. ಮೀನಾಕ್ಷಿಗೆ ತಿಳಿಯಿತು, ತಿಳಿದು ನಾಲಿಗೆ ಕಚ್ಚಿಕೊಂಡಳು.

ಯಜಮಾನರು ಕೊಟ್ಟೂರಪ್ಪ ತೀರಿಕೊಂಡ ಮೇಲೆ ಕಸ್ತೂರಮ್ಮ ಅಂಚಿಲ್ಲದ ತೋಳಿನ ಬ್ಲೌಸ್ ಬಿಟ್ಟು ಬೇರೆ ತೊಟ್ಟಿಲ್ಲ. ಯಾರೂ ತೊಡಬೇಡಿ ಎಂದಿರಲಿಲ್ಲ, ತೊಡಿ ಎಂದೂ ಹೇಳಿರಲಿಲ್ಲ. ಅಂಕಿತಾಳ ಲೆಹೆಂಗಾ ಬಂದ ದಿನ ಮನೆಯವರೆಲ್ಲ ಊಟಕ್ಕೆ ಕೂತಾಗ, ಈ ಅಜ್ಜಿ ಕೋಣೆಯಲ್ಲಿ ಅದನ್ನು ಮೈಮೇಲೆ ಹಿಡಿದುಕೊಂಡು ಕನ್ನಡಿ ನೋಡಿದ್ದರು. ತಾವೇ ಹೇಳಿ, ಹೇಳಿದ ಮೇಲೆ ನಾಚಿಕೊಂಡರು.

"ಸೊಸೆಗೆ ಗೊತ್ತಾದ್ರೆ ನಗ್ತಾಳೆ. ಗಂಡ ಹೋದ ಮುದುಕಿ ಮಿಂಚಾಕ ಹೊಂಟಾಳೆ ಅಂತಾರೆ ಜನ. ಒಂದ ತೋಳಿಗೆ ಹಾಕು ಸಾಕು. ಬಿಳಿ ಹರಳು ಬ್ಯಾಡ, ಕಣ್ಣಿಗೆ ಹೊಡೀತೈತೆ. ಈ ಜೇನಿನ ಬಣ್ಣದ್ದು ಇರ್ಲಿ."

ಇಷ್ಟು ದೊಡ್ಡ ಮನೆಯ ಹೆಂಗಸು ಒಂದು ತೋಳಿನಷ್ಟು ಆಸೆಯನ್ನು ಹೀಗೆ ಕದ್ದುಮುಚ್ಚಿ ತರಬೇಕೆ ಎಂದು ಮೀನಾಕ್ಷಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಎಲ್ಲ ಕೆಲಸ ಪಕ್ಕಕ್ಕಿಟ್ಟು ಕೂತಳು. ತೋಳಿನಂಚಿಗೆ ಎರಡು ಸಾಲು, ಮೇಲೊಂದು ಮಾವಿನಕಾಯಿ, ಭುಜದವರೆಗೆ ಬಳ್ಳಿ. ಅಜ್ಜಯ್ಯನನ್ನು ಎಂದಿಗಿಂತ ನಿಧಾನವಾಗಿ ಕರೆದಳು. ಒಂದು ಹರಳೂ ಸೊಟ್ಟಗಾಗಲಿಲ್ಲ.

ನಿಶ್ಚಿತಾರ್ಥದ ಹಿಂದಿನ ದಿನ ಕಸ್ತೂರಮ್ಮ ಬಂದು ಒಳಕೋಣೆಯಲ್ಲಿ ಬ್ಲೌಸ್ ತೊಟ್ಟು ಹೊರಬಂದರು. ಮುಖ ಮದುವಣಗಿತ್ತಿಯಂತಾಗಿತ್ತು. ಕನ್ನಡಿಯ ಮುಂದೆ ನಿಂತು ಸೆರಗು ಎಳೆದು ಹೊದ್ದುಕೊಂಡರು, ಅಷ್ಟೂ ವರ್ಷಗಳಿಂದ ಹೊದ್ದ ಹಾಗೆಯೇ, ಬಲಭುಜದ ಮೇಲೆ.

ಮಾವಿನಕಾಯಿ, ಬಳ್ಳಿ ಎಲ್ಲ ಸೆರಗಿನಡಿ ಸೇರಿಹೋಯಿತು. ಎಡತೋಳು ಬೋಳು.

ಮೀನಾಕ್ಷಿ ಹಣೆ ಚಚ್ಚಿಕೊಂಡಳು. ಅವಳ ಹತ್ತಿರ ಬರುವ ಹುಡುಗಿಯರೆಲ್ಲ ಎಡಕ್ಕೆ ಸೆರಗು ಹಾಕುವವರು. ಅವರದು ಕಾಣುವುದು ಬಲತೋಳು. ಹಳೆಯ ಲಿಂಗಾಯತ ಮನೆಗಳ ಹಿರಿಯ ಹೆಂಗಸರು ಬಲಕ್ಕೆ ಹೊದೆಯುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಂದೂ ಕಸ್ತೂರಮ್ಮ ಹಾಗೆಯೇ ಹೊದ್ದು ಅವಳೆದುರಿಗೇ ಕೂತಿದ್ದರು. ಕಣ್ಣು ನೋಡಿತ್ತು, ಕೈ ತನ್ನ ಪಾಡಿಗೆ ಬಲತೋಳನ್ನೇ ಎಳೆದುಕೊಂಡಿತ್ತು.

"ತಪ್ಪಾತು ಅಮ್ಮಾರೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಿತ್ತು ಆ ಕಡೆ ಹಾಕಾಣ ಅಂದ್ರೆ ರೇಷ್ಮೆ ಮ್ಯಾಲೆ ಅಂಟಿನ ಕಲೆ ಉಳೀತೈತೆ."

"ಹೋಗ್ಲಿ ಬಿಡು ತಾಯಿ." ಕಸ್ತೂರಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. "ಒಳ್ಳೇದೇ ಆತು. ಈ ವಯಸ್ಸಿನಾಗೆ ನನಗ್ಯಾಕ ಬೇಕಿತ್ತು."

ಆ ಮಾತು ಕೇಳಿ ಮೀನಾಕ್ಷಿಗೆ ಅಳುವೇ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹರಳು ಮಾರುವ ಹಯಾತ್ ಸಾಬರಿಗೆ ಫೋನ್ ಹಚ್ಚಿದಳು. "ಜೇನಿನ ಕಲರ್ ಖತಂ ಆಗೈತಮ್ಮಾ, ಮುಂದಿನ ವಾರ ಬರ್ತೈತೆ" ಎಂದರು ಅವರು. ಮನೆಯ ಡಬ್ಬಿಗಳನ್ನೆಲ್ಲ ತಡಕಾಡಿದರೆ ಒಂದು ತೋಳಿಗಾಗುವಷ್ಟು ಇದ್ದದ್ದು ಬಿಳಿಯದೇ, ಅಜ್ಜಿ ಬೇಡವೆಂದ ಆ ಫಳಫಳ ಹೊಳೆಯುವ ಬಿಳಿಯದು.

"ಇದೊಂದೇ ಐತ್ರಿ ಅಮ್ಮಾರೆ. ಹಾಕ್ಲಾ?"

ಕಸ್ತೂರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಳಹೋಗಿ, ಬ್ಲೌಸ್ ಬಿಚ್ಚಿ ತಂದು ಅವಳ ಕೈಗಿತ್ತರು. ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಕೂತು ಒಂದೊಂದೇ ಹರಳನ್ನು ಬೆನ್ನು ಕೆಳಗೆ ಮಾಡಿ ತಟ್ಟೆಯಲ್ಲಿ ಹರಡಿಕೊಟ್ಟರು.

ನಿಶ್ಚಿತಾರ್ಥ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿತ್ತು. ಕಸ್ತೂರಮ್ಮ ಬಾ ಎಂದಿದ್ದರು. ತವರೂರು ಬೇರೆ, ಮೀನಾಕ್ಷಿ ಬಸ್ಸು ಹತ್ತಿ ಬಂದಳು. ಬಂದು ನೋಡಿದರೆ ಅಜ್ಜಿ ಮುಂದಿನ ಸಾಲಿನಲ್ಲಿ ಆ ಸೆಕೆಯಲ್ಲೂ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಮುದ್ದೆಯಾಗಿ ಕೂತಿದ್ದಾರೆ. ಹರಳಿರಲಿ, ಬ್ಲೌಸಿನ ಬಣ್ಣವೂ ಕಾಣುವಂತಿಲ್ಲ. ಅಜ್ಜಿಯ ಧೈರ್ಯ ಮನೆಯಲ್ಲೇ ಉಳಿದುಬಿಟ್ಟಿದೆ ಎಂದುಕೊಂಡಳು ಮೀನಾಕ್ಷಿ.

ಅಷ್ಟರಲ್ಲಿ ಓಡಾಡುತ್ತಿದ್ದ ಸೊಸೆ ನೀರಿನ ಲೋಟ ಹಿಡಿದು ಬಂದಳು. "ಅತ್ತಿ, ಹಿಂಗ್ಯಾಕ ಹೊದ್ದು ಕುಂತೀರಿ? ಮೈಗೆ ಆರಾಮಿಲ್ಲೇನು?" ಎನ್ನುತ್ತ ಎಡಭುಜದ ಸೆರಗನ್ನು ಸರಿಸಿಯೇಬಿಟ್ಟಳು.

ಮಂಟಪದ ಅಷ್ಟೂ ದೀಪ ಆ ತೋಳಿಗೇ ಬಂದು ಬಿದ್ದವು. ಅಕ್ಕಪಕ್ಕದ ಹೆಂಗಸರು ತಿರುಗಿದರು. ಕಸ್ತೂರಮ್ಮ ತಲೆ ತಗ್ಗಿಸಿದರು. ಕಂಬದ ಬಳಿ ನಿಂತಿದ್ದ ಮೀನಾಕ್ಷಿ ಕೈಮುಗಿದಳು. "ಅಜ್ಜಯ್ಯ, ಜನ ನಗಬ್ಯಾಡಪ್ಪ" ಎಂದುಕೊಂಡಳು.

ಸೊಸೆ ತೋಳು ಹಿಡಿದು ತಿರುವಿ ನೋಡಿದಳು.

"ಅಯ್ಯ, ಹಾಕಿಸೋದು ಹಾಕಿಸಿದ್ರಿ, ಒಂದ ತೋಳಿಗೆ ಯಾಕ ಹಾಕಿಸಿದ್ರಿ ಅತ್ತಿ? ಎರಡಕ್ಕೂ ಹಾಕಿಸಬಾರದಾಗಿತ್ತಾ?"

ಕಸ್ತೂರಮ್ಮ ತಲೆಯೆತ್ತಿದರು. ಸೊಸೆಯ ಮುಖವನ್ನು ನೋಡಿದರು, ಸುತ್ತ ಕೂತವರನ್ನು ನೋಡಿದರು. ಆಮೇಲೆ ಬಲಭುಜದ ಸೆರಗನ್ನೂ ಕೈಯಾರೆ ಎತ್ತಿ ಹಿಡಿದರು.

"ಈ ಕಡೀನೂ ಐತೆ ನೋಡ್ರೇ!"